ಹಳೆಯ ಬಟ್ಟೆ, ಹೊಸ ಕೌದಿ
(ಪಾಸ್ಖ ಹಬ್ಬದ ಚಿಂತನೆ)



ಪವಿತ್ರ ಗುರುವಾರದ ಸಂಜೆ ಪ್ರಭುವಿನ ಕಡೆಯ ಭೋಜನದ ಬಲಿಪೂಜೆ ಮುಗಿದ ಮೇಲೆ ನಮ್ಮ ದೇವಾಲಯಗಳಲ್ಲಿ ಒಂದು ಕೆಲಸ ಸದ್ದಿಲ್ಲದೆ ನಡೆಯುತ್ತದೆ. ಬಲಿಪೀಠದ ಮೇಲಿನ ಬಟ್ಟೆಯನ್ನು ತೆಗೆದು ಮಡಚಿ ಇಡುತ್ತೇವೆ. ಮರುದಿನ ಶುಭ ಶುಕ್ರವಾರದ ಆರಾಧನೆಗೆ ಬಂದವರು ಬರಿಯ ಕಲ್ಲನ್ನೋ ಮರವನ್ನೋ ನೋಡುತ್ತಾರೆ. ಶಿಲುಬೆಯ ಬುಡದಲ್ಲಿ ಸೈನಿಕರು ಪ್ರಭುವಿನ ಬಟ್ಟೆಗಳನ್ನು ಪಾಲುಮಾಡಿಕೊಂಡದ್ದು ಆಗ ನೆನಪಾಗುತ್ತದೆ. ಪಾಸ್ಖ ಜಾಗರಣೆಯ ರಾತ್ರಿ ಅದೇ ಬಲಿಪೀಠ ಮತ್ತೆ ಬಿಳಿ ಬಟ್ಟೆ ಹೊದ್ದು ನಿಲ್ಲುತ್ತದೆ. ಮರಣದಿಂದ ಜೀವಕ್ಕೆ ದಾಟಿದ ಮೂರು ದಿನಗಳ ಕಥೆಯನ್ನು ಧರ್ಮಸಭೆ ಮಾತಿನಲ್ಲಿ ಹೇಳುವ ಹಾಗೆಯೇ ಬಟ್ಟೆಯಲ್ಲೂ ಹೇಳುತ್ತದೆ.

ಈ ವರ್ಷದ ಪಾಸ್ಖ ಹಬ್ಬಕ್ಕೆ ನಾವು ಈ ಬಟ್ಟೆಯ ಭಾಷೆಯನ್ನೇ ಸ್ವಲ್ಪ ಬಿಡಿಸಿ ನೋಡೋಣ. ಅದಕ್ಕಾಗಿ ದೂರ ಹೋಗಬೇಕಾಗಿಲ್ಲ. ನಮ್ಮ ಮನೆಗಳ ಕೌದಿಯೇ ಸಾಕು.

ಸಮಾಧಿಯಲ್ಲಿ ಉಳಿದ ಬಟ್ಟೆ

ಪಾಸ್ಖ ಭಾನುವಾರದ ಶುಭಸಂದೇಶದಲ್ಲಿ (ಯೊವಾನ್ನ 20:1-9) ಒಂದು ವಿಶೇಷವಿದೆ. ಮಗ್ದಲದ ಮರಿಯಳ ಮಾತು ಕೇಳಿ ಪೇತ್ರನೂ ಇನ್ನೊಬ್ಬ ಶಿಷ್ಯನೂ ಸಮಾಧಿಗೆ ಓಡುತ್ತಾರೆ. ಅಲ್ಲಿ ಅವರಿಗೆ ಪ್ರಭು ಕಾಣಿಸುವುದಿಲ್ಲ. ಕಾಣಿಸುವುದು ಬಟ್ಟೆ. ದೇಹಕ್ಕೆ ಸುತ್ತಿದ್ದ ನಾರುಬಟ್ಟೆಗಳು ಒಂದು ಕಡೆ, ತಲೆಗೆ ಸುತ್ತಿದ್ದ ವಸ್ತ್ರ ಬೇರೆಯಾಗಿ, ಸುತ್ತಿ ಇಟ್ಟ ಹಾಗೆ ಇನ್ನೊಂದು ಕಡೆ. ಅದನ್ನು ನೋಡಿಯೇ ಆ ಶಿಷ್ಯ ವಿಶ್ವಾಸವಿಟ್ಟ ಎಂದು ಸಂತ ಯೊವಾನ್ನರು ಬರೆಯುತ್ತಾರೆ.

ಅದೇ ಶುಭಸಂದೇಶದ 11ನೆಯ ಅಧ್ಯಾಯದಲ್ಲಿ ಲಾಜರ ಸಮಾಧಿಯಿಂದ ಹೊರಬಂದದ್ದನ್ನು ನೆನಪಿಸಿಕೊಳ್ಳಿರಿ. ಅವನ ಕೈಕಾಲುಗಳಿಗೆ ಬಟ್ಟೆ ಕಟ್ಟಿತ್ತು, ಮುಖಕ್ಕೆ ವಸ್ತ್ರ ಸುತ್ತಿತ್ತು. ಬೇರೆಯವರು ಬಿಚ್ಚಬೇಕಾಯಿತು. ಲಾಜರನು ಮರಣದ ಬಟ್ಟೆಯನ್ನು ಹೊತ್ತುಕೊಂಡೇ ಬಂದ, ಏಕೆಂದರೆ ಅವನು ಮತ್ತೊಮ್ಮೆ ಸಾಯಬೇಕಾದವನು. ಪ್ರಭುವಾದರೋ ಅದನ್ನು ಸಮಾಧಿಯಲ್ಲೇ ಬಿಟ್ಟು ಬಂದರು. ಅವರಿಗೆ ಇನ್ನು ಅದರ ಅಗತ್ಯವಿಲ್ಲ.

ಆದರೆ ಅದನ್ನು ಹರಿದು ಬಿಸಾಡಲಿಲ್ಲ. ತಲೆವಸ್ತ್ರ ಸುತ್ತಿ ಇಟ್ಟ ಹಾಗೆ ಇತ್ತು. ಸತ್ತವರ ಬಟ್ಟೆಯನ್ನು ಮಡಚಿ ಇಡುವುದು ಎಂದರೆ ಏನು ಎಂಬುದು ಒಮ್ಮೆಯಾದರೂ ಆ ಕೆಲಸ ಮಾಡಿದವರಿಗೆ ಚೆನ್ನಾಗಿ ಗೊತ್ತು.

ಟ್ರಂಕಿನಲ್ಲಿದ್ದ ಅಂಗಿ

ಮನೆಯಲ್ಲಿ ಒಬ್ಬರು ತೀರಿಕೊಂಡರೆ ಅಂತ್ಯಸಂಸ್ಕಾರ, ಏಳನೆಯ ದಿನದ ಪೂಜೆ, ತಿಂಗಳ ಪೂಜೆ ಎಲ್ಲವೂ ನಡೆಯುತ್ತವೆ. ಬಂಧುಗಳು ಬರುತ್ತಾರೆ, ಹೋಗುತ್ತಾರೆ. ಆಮೇಲೆ ಒಂದು ದಿನ ಮನೆಯವರಿಗೆ ಒಂದು ಪ್ರಶ್ನೆ ಎದುರಾಗುತ್ತದೆ: ಗೂಟಕ್ಕೆ ನೇತುಹಾಕಿದ ಅಂಗಿಯನ್ನು ಏನು ಮಾಡುವುದು? ಕೆಲವರು ಬಡವರಿಗೆ ಕೊಡುತ್ತಾರೆ. ಕೆಲವರು ಸುಡುತ್ತಾರೆ. ಹಲವರು ಟ್ರಂಕಿನ ತಳದಲ್ಲಿ ಇಟ್ಟು ಮುಚ್ಚುತ್ತಾರೆ. ಈ ಪ್ರಶ್ನೆಗೆ ಧರ್ಮಗುರುಗಳಾದ ನಾವು ಪ್ರಬೋಧನೆಯಲ್ಲಿ ಉತ್ತರ ಕೊಡುವುದಿಲ್ಲ. ಗುರುಮಠದಲ್ಲಿ ನಮಗೆ ಅದನ್ನು ಯಾರೂ ಕಲಿಸಲೂ ಇಲ್ಲ.

ನಮಗೆ ಅದನ್ನು ಕಲಿಸಿದವರು ಧಾರವಾಡ ಸೀಮೆಯ ಒಂದು ಹಳ್ಳಿಯ ತಾಯಿ. ಕಾಯಿಲೆಯವರಿಗೆ ಪರಮಪ್ರಸಾದ ಕೊಡಲು ಮನೆಮನೆಗೆ ಹೋಗುತ್ತಿದ್ದಾಗ ಒಂದು ಮನೆಯ ಪಡಸಾಲೆಯಲ್ಲಿ ಕೌದಿಯ ಮೇಲೆ ಒಂದು ಕೂಸು ಮಲಗಿತ್ತು. ಕೌದಿಯ ನಡುವೆ ನೀಲಿ ಗೆರೆಯ ಒಂದು ತುಂಡು ಎದ್ದು ಕಾಣುತ್ತಿತ್ತು. ಚಂದ ಇದೆ ಅವ್ವಾ ಎಂದೆವು. ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದು ನನ್ನ ಮಗಂದು ಅಂಗಿ ಫಾದರ್” ಎಂದರು.

ಮಗ ಚಿಕ್ಕ ವಯಸ್ಸಿನಲ್ಲೇ ತೀರಿಹೋಗಿದ್ದ. “ಮೂರು ವರ್ಷ ಟ್ರಂಕಿನ್ಯಾಗ ಇಟ್ಟಿದ್ದೆ. ತೆಗೀತಿದ್ದೆ, ಮೂಸಿ ನೋಡ್ತಿದ್ದೆ, ಮತ್ತ ಇಡ್ತಿದ್ದೆ. ಮಗಳು ಬಸರಾದ್ಲು. ಕೂಸಿಗೆ ಕೌದಿ ಬೇಕಲ್ಲ. ಕತ್ತರಿ ಹಾಕೂ ಮುಂದ ಕೈ ನಡುಗಿತು. ಅವನ್ನ ಇನ್ನೊಮ್ಮೆ ಮಣ್ಣು ಮಾಡಿದಂಗ ಆತು.” ಮತ್ತೆ ಕೂಸಿನ ಕಡೆ ನೋಡಿ ಹೇಳಿದರು: “ಈಗ ಇವ ಅದರ ಮ್ಯಾಲ ಮಲಗ್ತಾನ, ಉಚ್ಚಿ ಹೊಯ್ತಾನ. ತೊಳೀತೀನಿ, ಬಿಸಲಿಗೆ ಹಾಕ್ತೀನಿ. ಟ್ರಂಕಿನ್ಯಾಗ ಇದ್ದಾಗ ಅಂಗಿ ಸುಮ್ನ ಬಿದ್ದಿತ್ತು ಫಾದರ್. ಈಗ ಕೆಲಸ ಮಾಡ್ತದ.”

ನಾವು ಎಷ್ಟೋ ಪಾಸ್ಖ ಹಬ್ಬಗಳಲ್ಲಿ ಪುನರುತ್ಥಾನದ ಬಗ್ಗೆ ಮಾತನಾಡಿದ್ದೇವೆ. ಆ ದಿನ ಆ ಪಡಸಾಲೆಯಲ್ಲಿ ನಮಗೆ ಮಾತು ಹೊರಡಲಿಲ್ಲ. ಆ ತಾಯಿ ಮಗನನ್ನು ಮರೆತಿರಲಿಲ್ಲ. ಮರೆಯಲೆಂದು ಅಂಗಿಯನ್ನು ಕತ್ತರಿಸಿಯೂ ಇರಲಿಲ್ಲ. ಕತ್ತರಿಸದೆ ಆ ಅಂಗಿ ಕೂಸಿನ ಮೈಗೆ ತಲುಪುವ ದಾರಿ ಇರಲಿಲ್ಲ, ಅಷ್ಟೇ. ಗೋಧಿಕಾಳು ಮಣ್ಣಿಗೆ ಬಿದ್ದು ಸಾಯದಿದ್ದರೆ ಒಂಟಿಯಾಗಿಯೇ ಉಳಿಯುತ್ತದೆ ಎಂದು ಪ್ರಭು ಹೇಳಿದ್ದು (ಯೊವಾನ್ನ 12:24) ಇದನ್ನೇ ಅಲ್ಲವೇ?

ಕಾಡಂಚಿನ ಕವಂದಿ

ಬಯಲುಸೀಮೆಯಲ್ಲಿ ಕೌದಿ ಇಲ್ಲದ ಮನೆ ಅಪರೂಪ. ಹಳೆಯ ಸೀರೆ, ಧೋತರ, ಅಂಗಿ, ಲಂಗಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ತುಂಡುಗಳನ್ನು ಜೋಡಿಸಿ, ಕೈಸೂಜಿಯಿಂದ ಸಾಲುಸಾಲಾಗಿ ಹೊಲಿಯುತ್ತಾರೆ. ಹಾಸಲೂ ಅದೇ, ಹೊದೆಯಲೂ ಅದೇ. ಹುಟ್ಟಿದ ಕೂಸನ್ನು ಮೊದಲು ಮಲಗಿಸುವುದೂ ಹಳೆಯ ಬಟ್ಟೆಯ ಮೇಲೆ. ಹೊಸ ಬಟ್ಟೆ ಒರಟು, ಎಷ್ಟೋ ವರ್ಷ ಒಗೆದು ಸವೆದ ಬಟ್ಟೆ ಮೆತ್ತಗೆ ಎಂಬುದು ಅಜ್ಜಿಯರ ಅನುಭವ.

ಈ ಕೈಕೆಲಸವನ್ನು ಬಹಳ ವಿಶೇಷವಾಗಿ ಉಳಿಸಿಕೊಂಡು ಬಂದವರು ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಸಮುದಾಯದ ತಾಯಂದಿರು. ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲೂಕುಗಳ ಕಾಡಂಚಿನ ಹಳ್ಳಿಗಳಲ್ಲಿ ಇವರ ಮನೆಗಳಿವೆ. ಇವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕಥೋಲಿಕರೂ ಇದ್ದಾರೆ. ಇವರ ಪೂರ್ವಜರು ಆಫ್ರಿಕಾದವರು. 16ನೆಯ ಶತಮಾನದಿಂದ 19ನೆಯ ಶತಮಾನದವರೆಗೆ ಪೋರ್ಚುಗೀಸರು ಅವರಲ್ಲಿ ಅನೇಕರನ್ನು ಗುಲಾಮರನ್ನಾಗಿ ಗೋವೆಗೆ ತಂದರು. ಅಲ್ಲಿಂದ ತಪ್ಪಿಸಿಕೊಂಡವರೂ ಬಿಡುಗಡೆಯಾದವರೂ ಘಟ್ಟದ ಕಾಡುಗಳಲ್ಲಿ ನೆಲೆ ಕಂಡುಕೊಂಡರು. 2003ರಲ್ಲಿ ಈ ಜಿಲ್ಲೆಯ ಸಿದ್ದಿಯರನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು.

ಸಿದ್ದಿ ತಾಯಂದಿರು ತಮ್ಮ ಕೌದಿಯನ್ನು ಕವಂದಿ ಎನ್ನುತ್ತಾರೆ. ಅದನ್ನು ಮಾಡುವ ಕ್ರಮ ಹೀಗಿದೆ. ಕೆಳಗೆ ಒಂದು ಹಳೆಯ ಸೀರೆಯನ್ನು ಹಾಸುತ್ತಾರೆ. ಒಂದು ಮೂಲೆಯಿಂದ ಆರಂಭಿಸಿ, ಬಟ್ಟೆಯ ತುಂಡುಗಳ ಅಂಚನ್ನು ಬೆರಳಲ್ಲೇ ಮಡಚುತ್ತ, ಸುತ್ತಲೂ ಹೊಲಿಯುತ್ತ ಹೋಗುತ್ತಾರೆ. ಒಂದು ಸುತ್ತು ಮುಗಿದರೆ ಅದರ ಒಳಗೆ ಇನ್ನೊಂದು ಸುತ್ತು. ಹೀಗೆ ಅಂಚಿನಿಂದ ನಡುವಿಗೆ ಬರುತ್ತಾರೆ. ಮೊದಲೇ ಬರೆದುಕೊಂಡ ನಕ್ಷೆ ಇರುವುದಿಲ್ಲ. ಕೈಗೆ ಸಿಕ್ಕ ತುಂಡು, ಕಣ್ಣಿಗೆ ಒಪ್ಪಿದ ಬಣ್ಣ, ಇಷ್ಟೇ. ಕಥೋಲಿಕ ಮನೆಗಳ ಕವಂದಿಗಳಲ್ಲಿ ಕೆಲವೊಮ್ಮೆ ಶಿಲುಬೆಯ ಆಕಾರದ ತುಂಡುಗಳು ಕಾಣುತ್ತವೆ. ಮುಸ್ಲಿಂ ಮನೆಗಳ ಕವಂದಿಗಳಲ್ಲಿ ಅರ್ಧಚಂದ್ರ ಕಾಣುವುದುಂಟು.

ಕೊನೆಯಲ್ಲಿ ನಾಲ್ಕು ಮೂಲೆಗಳಿಗೂ ಮಡಚಿದ ಬಟ್ಟೆಯ ಮುಮ್ಮೂಲೆ ತುಂಡುಗಳನ್ನು ಸೇರಿಸುತ್ತಾರೆ. ಅದಕ್ಕೆ ಅವರು ಫೂಲ, ಅಂದರೆ ಹೂವು, ಎನ್ನುತ್ತಾರೆ. ಚಳಿಗೆ ಈ ಹೂವಿನಿಂದ ಏನೂ ಉಪಯೋಗವಿಲ್ಲ. ಆದರೂ ಫೂಲ ಇಲ್ಲದ ಕವಂದಿ ಬೆತ್ತಲೆ ಎಂಬುದು ಅವರ ಮಾತು. ಇನ್ನೂ ಒಂದು ಪದ್ಧತಿ ಕೆಲವರಲ್ಲಿದೆ. ನಡುವಿನ ಕೊನೆಯ ತುಂಡನ್ನು ಮುಚ್ಚುವ ಮುಂಚೆ ಒಳಗೆ ನಾಲ್ಕು ಅಕ್ಕಿಕಾಳು ಇಡುತ್ತಾರೆ. ಅದು ಕವಂದಿಯ ಹೊಟ್ಟೆ ತುಂಬಿಸುವುದು.

ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರು 2000ರ ದಶಕದಿಂದ ಈ ಕವಂದಿಗಳ ಬಗ್ಗೆ ಬರೆದು, ಹೊರದೇಶದಲ್ಲಿ ಪ್ರದರ್ಶನಗಳಾಗಲು ಕಾರಣರಾದರು. ಕಾಡಂಚಿನ ಗುಡಿಸಲಿನ ಬೇಲಿಯ ಮೇಲೆ ಒಣಗುತ್ತಿದ್ದ ಕೌದಿಯನ್ನು ಲೋಕ ಕಲೆ ಎಂದು ಗುರುತಿಸಿತು. ಸಂತೋಷದ ವಿಷಯ. ಆದರೆ ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಸಿದ್ದಿ ತಾಯಿ ಕವಂದಿ ಹೊಲಿಯುವುದು ಮಕ್ಕಳಿಗೆ ಚಳಿಯಾಗಬಾರದೆಂದು, ನಮ್ಮ ಪ್ರಬೋಧನೆಗೆ ಉದಾಹರಣೆ ಸಿಗಲೆಂದು ಅಲ್ಲ. ಪ್ರಭು ಹಿಟ್ಟು ಕಲಸುವ ಹೆಂಗಸನ್ನು, ಬಿತ್ತುವ ರೈತನನ್ನು ನೋಡಿ ದೇವರ ಸಾಮ್ರಾಜ್ಯವನ್ನು ತಿಳಿಸಿದರು. ಆ ಧೈರ್ಯದಿಂದ ಮಾತ್ರ ನಾವೂ ಈ ಕೆಲಸದ ಕೈಗಳನ್ನು ನೋಡುತ್ತಿದ್ದೇವೆ.

ನೀರು ಕಂಡ ಬಟ್ಟೆ

ಕೌದಿಯ ಮಾತು ಬಂದಾಗ ಬೈಬಲ್ ಓದುವವರು ಒಂದು ಪ್ರಶ್ನೆ ಕೇಳಬಹುದು. ಹಳೆಯ ಬಟ್ಟೆಗೆ ಹೊಸ ಬಟ್ಟೆಯ ತೇಪೆ ಹಾಕಬಾರದು ಎಂದು ಪ್ರಭುವೇ ಹೇಳಿದ್ದಾರಲ್ಲ (ಮಾರ್ಕ 2:21), ಹಾಗಾದರೆ ತೇಪೆಯ ಕೆಲಸವನ್ನು ಪುನರುತ್ಥಾನಕ್ಕೆ ಹೋಲಿಸುವುದು ಹೇಗೆ?

ಪ್ರಭುವಿನ ಮಾತನ್ನು ಸರಿಯಾಗಿ ಗಮನಿಸಬೇಕು. ಅವರು ಹೇಳುತ್ತಿರುವುದು ಇನ್ನೂ ಒಗೆಯದ, ನೀರು ಕಾಣದ ಕೋರಾ ಬಟ್ಟೆಯ ಬಗ್ಗೆ. ಅಂಥ ತೇಪೆ ಮೊದಲ ಒಗೆತಕ್ಕೇ ಕುಗ್ಗುತ್ತದೆ, ಹಳೆಯ ಬಟ್ಟೆಯನ್ನು ಎಳೆದು ಇನ್ನೂ ದೊಡ್ಡದಾಗಿ ಹರಿಯುತ್ತದೆ. ಕೌದಿ ಹೊಲಿಯುವ ಯಾವ ತಾಯಿಗೂ ಇದನ್ನು ವಿವರಿಸಬೇಕಾಗಿಲ್ಲ. ನಜರೇತಿನ ಮನೆಯಲ್ಲಿ ಸೂಜಿ ಹಿಡಿದ ತಾಯಿಯ ಪಕ್ಕದಲ್ಲಿ ಕುಳಿತು ಪ್ರಭು ಇದನ್ನು ಕಂಡಿರಬೇಕು ಎಂದು ನಮಗೆ ಅನ್ನಿಸುತ್ತದೆ.

ಆದುದರಿಂದ ಪ್ರಭು ಎಚ್ಚರಿಸುವುದು ಇದು: ತಾವು ತಂದ ಹೊಸ ಜೀವನವನ್ನು ನಮ್ಮ ಹಳೆಯ ಬಾಳಿನ ಹರಕಿಗೆ ಒಂದು ತೇಪೆಯಾಗಿ ಮಾತ್ರ ಬಳಸಬೇಡಿ. ವರ್ಷಕ್ಕೊಮ್ಮೆ ಪಾಪನಿವೇದನೆ, ಹಬ್ಬಕ್ಕೊಂದು ಬಲಿಪೂಜೆ, ಉಳಿದದ್ದೆಲ್ಲ ಮೊದಲಿನಂತೆಯೇ. ಇದು ಕೋರಾ ಬಟ್ಟೆಯ ತೇಪೆ. ಮೊದಲ ಕಷ್ಟದ ಒಗೆತಕ್ಕೇ ಕಿತ್ತುಹೋಗುತ್ತದೆ.

ಕೌದಿಯ ಕೆಲಸ ಬೇರೆ. ಅಲ್ಲಿ ಹರಿದ ಸೀರೆಯನ್ನು ಮತ್ತೆ ಸೀರೆ ಮಾಡುವ ಪ್ರಯತ್ನವಿಲ್ಲ. ಸೀರೆ ಸೀರೆಯಾಗಿ ಮುಗಿಯಿತು. ಅಂಗಿ ಅಂಗಿಯಾಗಿ ಮುಗಿಯಿತು. ಎರಡೂ ಹಿಂದೆಂದೂ ಇರದಿದ್ದ ಒಂದು ಹೊಸ ವಸ್ತುವಾದವು. ಅಷ್ಟಾದರೂ ಬಟ್ಟೆ ಅದೇ. ಇದು ಅಜ್ಜಿಯ ಸೀರೆ, ಇದು ಅಪ್ಪನ ಧೋತರ ಎಂದು ಬೆರಳಿಟ್ಟು ತೋರಿಸಬಹುದು. ಅಲ್ಲಿ ಸೇರಿದ ಪ್ರತಿಯೊಂದು ತುಂಡೂ ನೂರಾರು ಸಲ ನೀರು ಕಂಡದ್ದು. ಜ್ಞಾನಸ್ನಾನದಲ್ಲಿ ನಾವು ಕ್ರಿಸ್ತನೊಂದಿಗೆ ಸತ್ತು ಹೂಳಲ್ಪಟ್ಟೆವು, ಹೊಸ ಜೀವದಲ್ಲಿ ನಡೆಯಲೆಂದು ಎಬ್ಬಿಸಲ್ಪಡುತ್ತೇವೆ ಎಂದು ಸಂತ ಪೌಲರು ರೋಮಿನವರಿಗೆ ಬರೆದದ್ದನ್ನು (6:4) ಪಾಸ್ಖ ಜಾಗರಣೆಯಲ್ಲಿ ಓದುತ್ತೇವೆ. ನೀರನ್ನು ದಾಟದೆ ಯಾವ ತುಂಡೂ ಈ ಕೌದಿಗೆ ಸೇರುವುದಿಲ್ಲ.

ಪುನರುತ್ಥಾನಗೊಂಡ ಪ್ರಭುವಿನ ದೇಹವೂ ಹೀಗೆಯೇ ಅಲ್ಲವೇ? ಮುಚ್ಚಿದ ಬಾಗಿಲುಗಳ ಒಳಗೆ ಬರುವಷ್ಟು ಹೊಸದು. ಮಗ್ದಲದ ಮರಿಯಳು ಮೊದಲು ಗುರುತಿಸಲಾರದಷ್ಟು ಹೊಸದು. ಆದರೂ ಅದೇ ದೇಹ. ತೋಮನು ಮುಟ್ಟಬಹುದಾದ ಗಾಯದ ಗುರುತುಗಳು ಅದರಲ್ಲಿ ಇದ್ದವು. ದೇವರು ಹಳೆಯ ದೇಹವನ್ನು ಬಿಸಾಡಿ ಕಲೆಯಿಲ್ಲದ ಬೇರೊಂದನ್ನು ಕೊಡಬಹುದಾಗಿತ್ತು. ಹಾಗೆ ಮಾಡಲಿಲ್ಲ. ಗಾಯಗಳೂ ಮಹಿಮೆಯೊಳಕ್ಕೆ ಸೇರಿದವು. ಕೌದಿಯ ಹೊಲಿಗೆ ಕಾಣುವ ಹಾಗೆ ಅವು ಇಂದಿಗೂ ಕಾಣುತ್ತವೆ.

ಹೋಲಿಕೆಗೂ ಒಂದು ಮಿತಿ ಇದೆ. ಕೌದಿಯೂ ಒಂದು ದಿನ ಹರಿಯುತ್ತದೆ. ಅದರ ಮೇಲೆ ಇನ್ನೊಂದು ಪದರ ಹೊಲಿಯುತ್ತಾರೆ, ಅದೂ ಸವೆಯುತ್ತದೆ. ಮನುಷ್ಯರ ಕೈಯಿಂದ ಆಗುವ ಎಲ್ಲ ನವೀಕರಣವೂ ಲಾಜರನ ಎಚ್ಚರದಂತೆ ಸ್ವಲ್ಪ ಕಾಲದ್ದು. ಕ್ರಿಸ್ತರಾದರೋ ಇನ್ನೆಂದೂ ಸಾಯುವುದಿಲ್ಲ. ಮರಣಕ್ಕೆ ಅವರ ಮೇಲೆ ಅಧಿಕಾರವಿಲ್ಲ (ರೋಮ 6:9). ಕೌದಿ ನಮಗೆ ಕೊಡುವುದು ಪುನರುತ್ಥಾನದ ಪುರಾವೆಯಲ್ಲ. ಅದನ್ನು ಕಾಯುವ ಕಲೆಯನ್ನು ಅದು ನಮಗೆ ಕಲಿಸುತ್ತದೆ.

ಸೂಜಿ ಕೆಳಗಿಳಿಯುವಾಗ

ಆ ಕಾಯುವ ಕಲೆ ಹೊಲಿಗೆಯಲ್ಲೇ ಇದೆ. ಕೌದಿಯ ಹೊಲಿಗೆ ತೀರ ಸರಳವಾದದ್ದು. ಸೂಜಿ ಕೆಳಗೆ ಹೋಗುತ್ತದೆ, ಸ್ವಲ್ಪ ದೂರದಲ್ಲಿ ಮೇಲೆ ಬರುತ್ತದೆ. ಮತ್ತೆ ಕೆಳಗೆ, ಮತ್ತೆ ಮೇಲೆ. ಮೇಲಿನಿಂದ ನೋಡುವವರಿಗೆ ದಾರ ಅರ್ಧ ಮಾತ್ರ ಕಾಣುತ್ತದೆ. ಉಳಿದ ಅರ್ಧ ಪದರಗಳ ಅಡಿಯಲ್ಲಿದೆ. ಆದರೆ ಪದರಗಳನ್ನು ಹಿಡಿದಿಡುವುದು ಈ ಎರಡೂ ಸೇರಿ.

ಪವಿತ್ರ ಶನಿವಾರ ದಾರ ಕಾಣಿಸದ ದಿನ. ಪ್ರಭು ಸಮಾಧಿಯಲ್ಲಿದ್ದಾರೆ. ಪರಮಪ್ರಸಾದದ ಪೆಟ್ಟಿಗೆ ಬರಿದಾಗಿದೆ, ಬಲಿಪೂಜೆ ಇಲ್ಲ. ಪ್ರಭು ಮೃತರ ಲೋಕಕ್ಕೆ ಇಳಿದರು ಎಂದು ವಿಶ್ವಾಸಪ್ರಮಾಣದಲ್ಲಿ ಹೇಳುತ್ತೇವೆ. ಮನೆಯಲ್ಲಿ ಸಾವು ಕಂಡವರು ಈ ಶನಿವಾರದಲ್ಲಿ ಎಷ್ಟೋ ತಿಂಗಳು, ಎಷ್ಟೋ ವರ್ಷ ಬದುಕುತ್ತಾರೆ. ಅವರಿಗೆ ‘ದುಃಖ ಬಿಡಿ, ದೇವರ ಚಿತ್ತ’ ಎಂದು ಅವಸರ ಮಾಡುವವರು ನಾವೇ ಇರಬಹುದು. ಆ ತಾಯಿ ಮೂರು ವರ್ಷ ಅಂಗಿಯನ್ನು ಟ್ರಂಕಿನಲ್ಲಿಟ್ಟುಕೊಂಡದ್ದು ಅವಿಶ್ವಾಸವಲ್ಲ. ಸೂಜಿ ಕೆಳಗಿತ್ತು, ಅಷ್ಟೇ. ಅದು ಮೇಲೆ ಬರುವ ಸಮಯವನ್ನು ಹೊರಗಿನವರು ಗೊತ್ತುಮಾಡಲಾಗದು. ಪಕ್ಕದಲ್ಲಿ ಕುಳಿತು ದಾರ ಹಿಡಿದುಕೊಂಡಿರಬಹುದು.

ಮೂಲೆಯ ಹೂವು, ಹೊಟ್ಟೆಯ ಅಕ್ಕಿ

ಫೂಲ ಇಲ್ಲದ ಕವಂದಿ ಬೆತ್ತಲೆ ಎಂಬ ಸಿದ್ದಿ ತಾಯಂದಿರ ಮಾತು ಕೇಳಿದಾಗ ನಮಗೆ ನೆನಪಾದದ್ದು ಸಂತ ಪೌಲರು ಕೊರಿಂಥದವರಿಗೆ ಬರೆದ ಎರಡನೆಯ ಪತ್ರ (5:2-4). ಅಲ್ಲಿ ಅವರು ಮರಣದ ಬಗ್ಗೆ ಹೇಳುತ್ತ ಬಟ್ಟೆಯ ಮಾತನ್ನೇ ಎತ್ತುತ್ತಾರೆ. ನಮಗೆ ಬೇಕಾದದ್ದು ಇರುವುದನ್ನು ಕಳಚಿ ಬೆತ್ತಲೆಯಾಗುವುದಲ್ಲ, ಅದರ ಮೇಲೆ ಸ್ವರ್ಗದ ಉಡುಪನ್ನು ಹೊದೆಯುವುದು, ನಶ್ವರವಾದದ್ದು ಜೀವದಲ್ಲಿ ಲೀನವಾಗುವುದು ಎಂಬುದು ಅವರ ಅರ್ಥ. ಏದೆನ್ ತೋಟದಿಂದ ಹೊರಟ ಮೊದಲ ಗಂಡಹೆಂಡಿರಿಗೂ ದೇವರೇ ಬಟ್ಟೆ ಮಾಡಿ ತೊಡಿಸಿದರು ಎಂದು ಆದಿಕಾಂಡ (3:21) ಹೇಳುತ್ತದೆ. ಶಿಕ್ಷೆ ಕೊಟ್ಟ ದಿನವೇ ಬೆತ್ತಲೆಯನ್ನು ಮುಚ್ಚಿದ ದೇವರು ಅವರು.

ಅದಕ್ಕಾಗಿಯೇ ಧರ್ಮಸಭೆ ಜ್ಞಾನಸ್ನಾನ ಪಡೆದವರಿಗೆ ಬಿಳಿ ಉಡುಪನ್ನು ಕೊಡುತ್ತದೆ. ಅಂತ್ಯಸಂಸ್ಕಾರದ ವಿಧಿಯಲ್ಲಿ ಶವಪೆಟ್ಟಿಗೆಯ ಮೇಲೆ ಬಿಳಿ ಬಟ್ಟೆ ಹೊದಿಸುವ ಅವಕಾಶವಿರುವುದೂ ಆ ಮೊದಲ ಉಡುಪಿನ ನೆನಪಿಗೆ. ಬಾಳಿನ ಎರಡು ಮೂಲೆಗಳಿಗೂ ಒಂದೊಂದು ಹೂವು.

ಇನ್ನು ಅಕ್ಕಿಕಾಳಿನ ಮಾತು. ಪುನರುತ್ಥಾನಗೊಂಡ ಪ್ರಭು ಶಿಷ್ಯರ ಮುಂದೆ ನಿಂತು ಮೊದಲು ಕೇಳಿದ ಪ್ರಶ್ನೆಗಳಲ್ಲಿ ಒಂದು, ತಿನ್ನಲು ಏನಾದರೂ ಇದೆಯೇ ಎಂಬುದು. ಅವರು ಕೊಟ್ಟ ಮೀನನ್ನು ತಿಂದರು (ಲೂಕ 24:41-43). ತಿಬೇರಿಯ ಸರೋವರದ ದಡದಲ್ಲಿ ರಾತ್ರಿಯಿಡೀ ದುಡಿದು ಬಂದವರಿಗೆ ತಾವೇ ಬೆಂಕಿ ಹಾಕಿ ಊಟ ಸಿದ್ಧಮಾಡಿದ್ದರು (ಯೊವಾನ್ನ 21). ಹಸಿದ ಹೊಟ್ಟೆಯನ್ನು ಮರೆತ ಪುನರುತ್ಥಾನ ನಮ್ಮ ವಿಶ್ವಾಸದಲ್ಲಿ ಇಲ್ಲ.

ಆದಿ ಧರ್ಮಸಭೆಯಲ್ಲಿ ಇದನ್ನು ಸೂಜಿಯಿಂದಲೇ ತೋರಿಸಿದ ಒಬ್ಬಳು ಶಿಷ್ಯೆ ಇದ್ದಳು. ಯೊಪ್ಪ ಪಟ್ಟಣದ ತಬಿಥ. ದೋರ್ಕ ಎಂದೂ ಹೆಸರು. ಅವಳು ತೀರಿಕೊಂಡಾಗ ಪೇತ್ರನನ್ನು ಕರೆಸಿದರು. ವಿಧವೆಯರು ಅಳುತ್ತ ಅವನ ಸುತ್ತ ನಿಂತರು. ಅವಳು ಬದುಕಿದ್ದಾಗ ತಮಗೆ ಮಾಡಿಕೊಟ್ಟಿದ್ದ ಅಂಗಿಗಳನ್ನೂ ಉಡುಪುಗಳನ್ನೂ ತೋರಿಸಿದರು (ಪ್ರೇಷಿತರ ಕಾರ್ಯಕಲಾಪಗಳು 9:36-42). ಅವರು ಅವಳ ಬಗ್ಗೆ ಭಾಷಣ ಮಾಡಲಿಲ್ಲ. ಬಟ್ಟೆಯನ್ನು ಎತ್ತಿ ಹಿಡಿದರು. ಪೇತ್ರನು ಮೊಣಕಾಲೂರಿ ಪ್ರಾರ್ಥಿಸಿದ, ಅವಳು ಎದ್ದು ಕುಳಿತಳು. ನಾವು ಸತ್ತ ದಿನ ನಮ್ಮ ನೆರೆಯವರು ಏನನ್ನು ಎತ್ತಿ ತೋರಿಸಬಲ್ಲರು ಎಂದು ಒಮ್ಮೆ ಕೇಳಿಕೊಂಡರೆ ಒಳ್ಳೆಯದು.

ನಮ್ಮದೇ ಹರಕು

ಸಿದ್ದಿಯರ ಕವಂದಿಯನ್ನು ಹೊಗಳಿ ಅವರ ಕಥೆಯನ್ನು ಅರ್ಧ ಹೇಳಿದರೆ ಅದು ಪ್ರಾಮಾಣಿಕವಲ್ಲ. ಅವರ ಪೂರ್ವಜರನ್ನು ಹಡಗಿನಲ್ಲಿ ತಂದವರು, ಕೊಂಡವರು, ಮಾರಿದವರು ಕ್ರೈಸ್ತರಾಗಿದ್ದರು. ಜ್ಞಾನಸ್ನಾನದ ನೀರು ಸುರಿದ ಕೈಗಳು ಅವರ ಸಂಕೋಲೆಯನ್ನು ಬಿಚ್ಚಲಿಲ್ಲ. 1452ರಲ್ಲಿ ಐದನೆಯ ನಿಕೋಲಾಸ್ ಜಗದ್ಗುರುಗಳು ಪೋರ್ಚುಗಲ್ಲಿನ ರಾಜನಿಗೆ ಕೊಟ್ಟ ಆಜ್ಞಾಪತ್ರದಲ್ಲಿ ಕ್ರೈಸ್ತರಲ್ಲದವರನ್ನು ದಾಸ್ಯಕ್ಕೆ ತಳ್ಳಲು ಅನುಮತಿ ಇತ್ತು. 1839ರಲ್ಲಿ ಹದಿನಾರನೆಯ ಗ್ರೆಗೋರಿ ಜಗದ್ಗುರುಗಳು ಗುಲಾಮರ ವ್ಯಾಪಾರವನ್ನು ಖಂಡಿಸಿದರು. 1992ರಲ್ಲಿ ಸಂತ ಎರಡನೆಯ ಜಾನ್ ಪೌಲರು ಸೆನೆಗಲ್ ದೇಶದ ಗೊರೆ ದ್ವೀಪದಲ್ಲಿ, ಗುಲಾಮರನ್ನು ಹಡಗು ಹತ್ತಿಸುತ್ತಿದ್ದ ಸ್ಥಳದಲ್ಲಿ ನಿಂತು, ಕ್ರೈಸ್ತರ ಈ ಪಾಪಕ್ಕಾಗಿ ಕ್ಷಮೆ ಬೇಡಿದರು. 2023ರಲ್ಲಿ ವ್ಯಾಟಿಕನ್, ಅಂಥ ಆಜ್ಞಾಪತ್ರಗಳ ಹೆಸರಿನಲ್ಲಿ ಬೆಳೆದ ವಸಾಹತುಶಾಹಿ ಸಿದ್ಧಾಂತವನ್ನು ಸ್ಪಷ್ಟವಾಗಿ ತಿರಸ್ಕರಿಸಿತು.

ಕ್ಷಮೆ ಬೇಡುವುದು ಹೊಲಿಗೆಯ ಮೊದಲ ಚುಚ್ಚು. ಉಳಿದ ಹೊಲಿಗೆ ನಮ್ಮ ನಿಮ್ಮ ಊರುಗಳಲ್ಲಿ ನಡೆಯಬೇಕು. ಅವರ ಬಣ್ಣ, ಕೂದಲು ನೋಡಿ ನಕ್ಕವರಲ್ಲಿ ಪ್ರತಿ ಭಾನುವಾರ ಪರಮಪ್ರಸಾದ ಸ್ವೀಕರಿಸುವವರೂ ಇದ್ದಾರೆ. ಇದೇ ನಾಡಿನಲ್ಲಿ ಶತಮಾನಗಳಿಂದ ಬಾಳಿದವರನ್ನು ‘ನೀವು ಯಾವ ದೇಶದವರು’ ಎಂದು ಬಸ್ಸಿನಲ್ಲಿ ಕೇಳುವುದು ಇಂದಿಗೂ ನಿಂತಿಲ್ಲ. ತಾಯಿನಾಡು, ಭಾಷೆ, ಹೆಸರು ಎಲ್ಲವನ್ನೂ ಕಿತ್ತುಕೊಂಡಾದ ಮೇಲೆ ಬೇರೆಯವರು ಬಿಟ್ಟ ಹಳೆಯ ಬಟ್ಟೆಯನ್ನು ಆಯ್ದು ಬಣ್ಣಬಣ್ಣದ ಕವಂದಿ ಹೊಲಿದ ಜನ ಅವರು. ಹೂವಿಲ್ಲದೆ ಅದು ಪೂರ್ಣವಾಗದು ಎಂದ ಜನ. ನಮ್ಮ ಧರ್ಮಸಭೆಗೆ ಪಾಸ್ಖದ ಪಾಠ ಹೇಳುವ ಅಧಿಕಾರ ಅವರಿಗಿದೆ.

ಈ ಹಬ್ಬದ ದಿನಗಳಲ್ಲಿ

ಹಾಗಾದರೆ ನಾವು ಏನು ಮಾಡೋಣ? ದೊಡ್ಡ ಕೆಲಸಗಳೇನೂ ಬೇಡ.

ಪಾಸ್ಖ ಕಾಲ ಪಂಚಾಶತ್ತಮ ಹಬ್ಬದವರೆಗೆ 50 ದಿನಗಳದ್ದು. ಈ ದಿನಗಳಲ್ಲಿ ಒಮ್ಮೆ ಮನೆಯವರೆಲ್ಲ ಕುಳಿತು, ತೀರಿಹೋದವರ ಬಟ್ಟೆ ಇಟ್ಟಿರುವ ಟ್ರಂಕನ್ನು ತೆರೆದು ನೋಡಿರಿ. ಯಾರಿಗೂ ಅವಸರ ಮಾಡಬೇಡಿ. ಮನಸ್ಸು ಒಪ್ಪದಿದ್ದರೆ ಮತ್ತೆ ಮುಚ್ಚಿ ಇಡಿ. ಒಪ್ಪಿದರೆ ಒಂದು ಪ್ರಾರ್ಥನೆ ಹೇಳಿ ಆ ಬಟ್ಟೆಯನ್ನು ಬಾಳಿಗೆ ಮರಳಿಸಿರಿ. ಚಳಿಯಲ್ಲಿರುವವರಿಗೆ ಕೊಡಿ, ಇಲ್ಲವೆ ಕೌದಿ ಹೊಲಿಸಿರಿ. ಸೂಜಿ ಹಿಡಿಯಬಲ್ಲ ಅಜ್ಜಿ ಮನೆಯಲ್ಲಿದ್ದರೆ ಮೊಮ್ಮಕ್ಕಳು ಅವರ ಬಳಿ ಕಲಿಯಲಿ. ಹೊಲಿಯುತ್ತ ಕುಳಿತಾಗ ಅಜ್ಜಿ ಯಾವ ತುಂಡು ಯಾರದು ಎಂದು ಹೇಳುತ್ತಾರೆ. ಮನೆತನದ ಕಥೆ ಅಲ್ಲಿ ದಾಟುತ್ತದೆ. ಕವಂದಿಯನ್ನು ಕೊಳ್ಳುವ ಸಂದರ್ಭ ಬಂದರೆ ಚೌಕಾಸಿ ಮಾಡದೆ ಆ ತಾಯಂದಿರ ಶ್ರಮಕ್ಕೆ ತಕ್ಕ ಬೆಲೆ ಕೊಡಿ.

ಬಟ್ಟೆಯ ಜೊತೆಗೆ ನಾವು ಬಿಸಾಡಿದ ಮನುಷ್ಯರನ್ನೂ ನೆನಪಿಸಿಕೊಳ್ಳೋಣ. ಎಸೆಯುವ ಸಂಸ್ಕೃತಿಯ ಬಗ್ಗೆ ಫ್ರಾನ್ಸಿಸ್ ಜಗದ್ಗುರುಗಳು 2015ರ ತಮ್ಮ ವಿಶ್ವಪತ್ರದಲ್ಲಿ ಎಚ್ಚರಿಸಿದ್ದರು. ಹರಿದದ್ದನ್ನು ಎಸೆದು ಹೊಸದು ತರುವ ಅಭ್ಯಾಸ ಬಟ್ಟೆಯಿಂದ ಆರಂಭವಾಗಿ ಮನುಷ್ಯರವರೆಗೂ ಬರುತ್ತದೆ. ಮೂಲೆ ಸೇರಿದ ಮುಪ್ಪಿನ ತಂದೆತಾಯಿ, ಆಸ್ತಿಯ ಜಗಳದಲ್ಲಿ ದೂರವಾದ ಅಣ್ಣ, ಕುಡಿತದಿಂದ ಮನೆ ಬಿಟ್ಟ ಮಗ, ಸೊಸೆಯೊಡನೆ ಮಾತು ಬಿಟ್ಟ ಅತ್ತೆ. ಇವರನ್ನು ಮತ್ತೆ ಹೊಲಿದುಕೊಳ್ಳುವಾಗ ಚುಚ್ಚುತ್ತದೆ. ಹೊಲಿಗೆಯ ಗುರುತೂ ಉಳಿಯುತ್ತದೆ. ಉಳಿಯಲಿ. ಪ್ರಭುವಿನ ಕೈಗಳಲ್ಲೂ ಉಳಿದಿದೆ. ಎಲ್ಲಕ್ಕಿಂತ ಮಿಗಿಲಾಗಿ ಪ್ರೀತಿಯನ್ನು ಧರಿಸಿಕೊಳ್ಳಿರಿ, ಎಲ್ಲವನ್ನೂ ಕೂಡಿಸಿ ಹಿಡಿಯುವುದು ಅದೇ ಎಂದು ಸಂತ ಪೌಲರು ಕೊಲೊಸ್ಸೆಯವರಿಗೆ (3:14) ತಿಳಿಸಿದ್ದು ಇಂಥ ದಾರದ ಬಗ್ಗೆಯೇ.

ಆ ಹಳ್ಳಿಯಿಂದ ನಮಗೆ ವರ್ಗವಾಗಿ ಹಲವು ವರ್ಷಗಳಾದವು. ಆ ಕೂಸು ಈಗ ಶಾಲೆಗೆ ಹೋಗುತ್ತಿರಬೇಕು. ಕೌದಿ ಇನ್ನಷ್ಟು ಸವೆದಿರಬೇಕು, ನೀಲಿ ಗೆರೆ ಮಾಸಿರಬೇಕು. ಪ್ರತಿ ಪಾಸ್ಖ ಜಾಗರಣೆಯಲ್ಲಿ ಬಲಿಪೀಠಕ್ಕೆ ಬಿಳಿ ಬಟ್ಟೆ ಹಾಸುವಾಗ ಆ ತುಂಡು ನಮಗೆ ನೆನಪಾಗುತ್ತದೆ. ಆ ತಾಯಿಯ ಮಗನನ್ನು ಬಲಿಪೂಜೆಯಲ್ಲಿ ನೆನೆಯುತ್ತೇವೆ. ಮನುಷ್ಯಳಾದ ಒಬ್ಬ ತಾಯಿ ತನ್ನ ಮಗನ ಅಂಗಿಯ ಒಂದು ತುಂಡೂ ವ್ಯರ್ಥವಾಗಲು ಬಿಡದಿದ್ದರೆ, ನಮ್ಮನ್ನು ಸೃಷ್ಟಿಸಿದ ತಂದೆಯಾದ ದೇವರು ಆ ಮಗನನ್ನೇ ವ್ಯರ್ಥವಾಗಲು ಬಿಟ್ಟಾರೇ?

ಪುನರುತ್ಥಾನಗೊಂಡ ಪ್ರಭುವೇ, ನಮ್ಮ ಹರಿದ ಬಾಳನ್ನು ನಿಮ್ಮ ಕೈಗೆ ಒಪ್ಪಿಸುತ್ತೇವೆ. ನಮ್ಮನ್ನು ಅಗಲಿದವರನ್ನು ನಿಮ್ಮ ಬೆಳಕಿನ ಉಡುಪಿನಿಂದ ಹೊದಿಸಿರಿ. ಅಳುವವರ ಪಕ್ಕದಲ್ಲಿ ಕುಳಿತು ಕಾಯುವ ತಾಳ್ಮೆಯನ್ನು ನಮಗೆ ಕೊಡಿರಿ. ಆಮೆನ್.

ಎಲ್ಲರಿಗೂ ಪಾಸ್ಖ ಹಬ್ಬದ ಶುಭಾಶಯಗಳು. ಅಲ್ಲೆಲೂಯ!